ಮುಂಬಾಗಿಲಿನಿಂದ ಬಂದ ಪಳಪಳ ಅಕ್ಕ

ಊರಿನ ಇತಿಹಾಸ ಹೇಳುವ ಆ ಮ್ಯೂಸಿಯಮ್ಮಿನ ನೆಲದಲ್ಲಿ ನಿಮ್ಮ ಮುಖ ಕಾಣಿಸಿದರೆ ಅದು ಪಳಪಳ ಅಕ್ಕನ ಕೈಚಳಕ. ಆ ಹೆಸರು ಅಲ್ಲಿನವರೇ ಇಟ್ಟದ್ದು. ಬಾಗಿಲು ತೆರೆಯುವ ಮೊದಲೇ ಬಂದು ನೆಲ, ಗಾಜು, ಕಟಕಟೆ ಎಲ್ಲ ಒರೆಸಬೇಕು. ಜನ ಬಂದ ಮೇಲೆ ಹಿಂದಿನ ಕೋಣೆಯಲ್ಲಿ ಕೂತು, ಕರೆದರಷ್ಟೇ ಬಕೆಟ್ ಹಿಡಿದು ಬರಬೇಕು. ಒಳಗೆ ಯಾವನೋ ಸಾಹುಕಾರನ ಹಳೇ ಬೂಟು ಮಖಮಲ್ಲಿನ ದಿಂಬಿನ ಮೇಲೆ ಹಾಯಾಗಿ ಮಲಗಿದೆ. ಅದರ ಧೂಳು ಹೊಡೆಯುವವಳ ಚಪ್ಪಲಿ ಮಾತ್ರ ಹಿಂಬಾಗಿಲಾಚೆ ಮಣ್ಣಲ್ಲಿ.

ಶಾಲೆಗೆ ರಜೆ ಬಿದ್ದಾಗ ಮಗಳು ಹಟ ಹಿಡಿದಳು. ತರಗತಿಯವರೆಲ್ಲ ಮ್ಯೂಸಿಯಮ್ ನೋಡಿ ಬಂದಿದ್ದಾರೆ, ಅಮ್ಮ ಅಲ್ಲೇ ಕೆಲಸ ಮಾಡುವ ತನಗೇ ಅದು ಗೊತ್ತಿಲ್ಲವೆಂದರೆ ಹೇಗೆ? ಅಕ್ಕ ಒಂದು ದಿನದ ರಜೆ ಕೇಳಿ ಪಡೆದಳು. ಅಂದು ಬೆಳಗ್ಗೆಯಿಂದ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಪಂಚರ್ ಅಂಗಡಿಯ ಗಂಡ ಉಗುರಿನ ಕಪ್ಪು ಹೋಗುವವರೆಗೂ ಕೈ ಉಜ್ಜಿದ. ಅತ್ತೆ ಹೊಸ ಚಪ್ಪಲಿ ಮೆಟ್ಟಿ ಮನೆಯೊಳಗೇ ನಡೆದು ನೋಡಿದಳು. ಅಕ್ಕನ ಆಸೆ ಒಂದೇ: ಇವತ್ತೊಂದು ದಿನ ಮಕ್ಕಳ ಮುಂದೆ ತಾನೂ ನೋಡಲು ಬಂದವಳಾಗಿರಬೇಕು.

ಗೇಟಿನಲ್ಲಿ ಕಾವಲುಗಾರ, ಹಿಂದಿನಿಂದ ಹೋಗಿಬಿಡಕ್ಕ, ಟಿಕೆಟ್ ಯಾಕೆ ದಂಡ ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ನಕ್ಕು, ಎಲ್ಲರಿಗೂ ಟಿಕೆಟ್ ಕೊಂಡು, ಮುಂಬಾಗಿಲಿನಿಂದ ಒಳಗೆ ಕಾಲಿಟ್ಟಳು.

ಕಾಲಿಟ್ಟವಳು ಮೊದಲು ನೋಡಿದ್ದು ನೆಲವನ್ನೇ. ಅಷ್ಟರಲ್ಲಿ ಮಗ ಕೈ ಜಗ್ಗಿ, "ಅಮ್ಮಾ, ಮೇಲ್ನೋಡು!" ಎಂದ. ಮೇಲೆ ತೊಲೆಯಿಂದ ತೊಲೆಗೆ ಮರದ ಹಕ್ಕಿಗಳ ಸಾಲು. ಇಷ್ಟು ವರ್ಷ ಈ ಹಕ್ಕಿಗಳ ಕೆಳಗೇ ಓಡಾಡಿದ್ದರೂ ಅವಳು ಕತ್ತೆತ್ತಿ ನೋಡಿರಲಿಲ್ಲ.

ನಡುಕೋಣೆಯಲ್ಲಿ ಗಾಜಿನೊಳಗೆ ಹಳೆಯ ಊರಿನ ಮಾದರಿ. ಬೆರಳುದ್ದದ ಮನೆಗಳು, ಬಾವಿ, ಸೇತುವೆ. ಆ ಗಾಜಿನ ಮೂಲೆಮೂಲೆಯೂ ಅವಳಿಗೆ ಗೊತ್ತು. ಆದರೆ ಅವಳು ಒರೆಸುವ ಹೊತ್ತಿಗೆ ಅದಕ್ಕೆ ಕರೆಂಟ್ ಇರುತ್ತಿರಲಿಲ್ಲ. ಮಗಳು ಗುಂಡಿ ಒತ್ತಿದಳು. ಒಂದೊಂದೇ ಕಿಟಕಿಯಲ್ಲಿ ದೀಪ ಹತ್ತಿತು, ಬೀದಿ ಹತ್ತಿತು, ಸೇತುವೆಯ ಮೇಲೆ ಪುಟ್ಟ ರೈಲು ಹೊರಟಿತು. ಮಕ್ಕಳಿಬ್ಬರೂ ಗಾಜಿಗೆ ಮೂಗು ಒತ್ತಿ ಕೂಗಿದರು. ಅಕ್ಕನಿಗೂ ಕೂಗಬೇಕೆನಿಸಿತು.

ಆಗಲೇ ಸೂಪರ್‌ವೈಸರ್ ಸಿಕ್ಕ. ಅವಳ ಬದಲಿಗೆ ಬರಬೇಕಾದವನು ಕೈಕೊಟ್ಟಿದ್ದ, ಮೇಲಿನ ಮಹಡಿಯಲ್ಲಿ ಯಾರೋ ಜ್ಯೂಸ್ ಚೆಲ್ಲಿದ್ದರು. ಆತನ ಕೈಯಲ್ಲೇ ಮಾಪು.

"ಒಳ್ಳೇದಾಯ್ತು, ನೀನೇ ಸಿಕ್ದೆ. ಎರಡು ನಿಮಿಷದ ಕೆಲಸ."

ಅವಳ ಕೈ ತಾನಾಗಿ ಮುಂದೆ ಹೋಯಿತು. ಅಭ್ಯಾಸ ಅಂಥದ್ದು, ಹಸಿವಾದಾಗಲೂ ಅನ್ನಕ್ಕೆ ಚಾಚದ ಕೈ ಮಾಪಿಗೆ ಚಾಚುತ್ತದೆ. ಮಗಳು ಅವಳ ಕೈಯನ್ನೇ ನೋಡುತ್ತಿದ್ದಳು. ಗಂಡ ತಾನು ಉಜ್ಜಿದ್ದ ಉಗುರುಗಳನ್ನು ನೋಡಿಕೊಂಡ. ನಾಳೆ ಇದೇ ಮನುಷ್ಯನ ಮುಂದೆ ನಿಲ್ಲಬೇಕೆಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಹಿಂದಕ್ಕೆ ತೆಗೆದುಕೊಂಡು, ಮುಷ್ಟಿಯಲ್ಲಿದ್ದ ಟಿಕೆಟ್ ತೋರಿಸಿದಳು.

"ಇವತ್ತು ನೋಡೋಕೆ ಬಂದಿದ್ದೀನಿ ಸಾರ್."

"ಎರಡು ನಿಮಿಷಕ್ಕೆ ನಿನ್ ಗಂಟೇನು ಹೋಗುತ್ತೆ?"

ಇಲ್ಲಿ ಅತ್ತೆ ಬಾಯಿ ಹಾಕಿದಳು. ಮನೆಯಲ್ಲಿ ಸೊಸೆ ಒರೆಸಿದ ನೆಲದಲ್ಲಿ ದಿನವೂ ಕಲೆ ಹುಡುಕುವ ಅತ್ತೆ. "ನೀವೇ ಒರೆಸಿಬಿಡ್ರಪ್ಪ. ನಾವೆಲ್ಲ ನಿಂತು ನೋಡ್ತೀವಿ. ಗಾಜಿನ ಪೆಟ್ಟಿಗೇಲಿ ಇಡೋ ಅಂಥಾ ನೋಟ."

ಪಕ್ಕದಲ್ಲಿದ್ದ ಯಾರೋ ಕಿಸಕ್ಕೆಂದರು. ಸೂಪರ್‌ವೈಸರನ ಕಿವಿ ಕೆಂಪಗಾಯಿತು. ನಾಳೆ ನೋಡ್ಕೋತೀನಿ ಎಂದು ಗೊಣಗಿ, ಮಾಪು ಹೊತ್ತುಕೊಂಡು ತಾನೇ ಮೆಟ್ಟಿಲು ಹತ್ತಿದ. ಮಗ ಅವನ ಹಿಂದೆಯೇ ಓಡಲಿದ್ದ, ಅಪ್ಪ ಅಂಗಿ ಹಿಡಿದು ನಿಲ್ಲಿಸಿದ.

"ನೋಡಬೇಕಲ್ಲಪ್ಪ, ಅಜ್ಜಿ ಹೇಳಿದ್ಳು!"

ಗಂಡನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಾಳೆಯ ಬೈಗುಳ ನಾಳೆಗಿರಲಿ ಎಂದುಕೊಂಡು ಮಾದರಿಯತ್ತ ತಿರುಗಿದರೆ, ಗಾಜಿನ ತುಂಬ ಮಕ್ಕಳ ಮೂಗಿನ ಗುರುತು, ಬೆರಳಿನ ಗುರುತು. ಕರವಸ್ತ್ರ ಆಗಲೇ ಅವಳ ಕೈಗೆ ಬಂದಿತ್ತು. ಅತ್ತೆ ಅದನ್ನು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳು.

ದೀಪಗಳು ಆರಿದ್ದವು. "ಈಗ ನಾನು," ಎಂದು ಅಕ್ಕ ಮಕ್ಕಳನ್ನು ಸರಿಸಿ ಗುಂಡಿ ಒತ್ತಿದಳು. ಕಿಟಕಿಗಳು ಹತ್ತಿದವು, ಬೀದಿ ಹತ್ತಿತು, ರೈಲು ಹೊರಟಿತು. ಅವಳು ಬಗ್ಗಿ ಮೂಗನ್ನು ಗಾಜಿಗೆ ಒತ್ತಿ ಹಿಡಿದಳು.

"ಅಮ್ಮಾ, ನಿನ್ನ ಮೂಗಿನ ಗುರುತೂ ಬಿತ್ತು," ಎಂದಳು ಮಗಳು.

"ಬೀಳ್ಲಿ ಬಿಡೇ," ಎಂದಳು ಅಕ್ಕ, ರೈಲಿನಿಂದ ಕಣ್ಣು ಕೀಳದೆ. "ನಾಳೆ ಒರೆಸೋಳು ಬರ್ತಾಳೆ."