ತೊಟ್ಟಿಲಣ್ಣನ ಗಿಟಾರೂ ಗುಂಡಿಯ ಹಾಡೂ

ಮಹಾವೀರರು ರಥ ಏರಿದರೆ ಭೂಮಿ ನಡುಗುತ್ತದೆ ಎನ್ನುತ್ತಾರೆ. ನಮ್ಮ ನಾಯಕ ರಥ ಏರಿದರೆ ಕೂಸುಗಳು ನಿದ್ದೆಹೋಗುತ್ತವೆ. ಆತ ಸಿಟಿ ಬಸ್ಸಿನ ಡ್ರೈವರ್. ಗೇರು ಬದಲಾದದ್ದು ಗೇರಿಗೇ ಗೊತ್ತಾಗದಷ್ಟು ಮೆತ್ತಗೆ ಓಡಿಸುತ್ತಾನೆ. ಅತ್ತೂ ಅತ್ತೂ ಮನೆಮಂದಿಯನ್ನೆಲ್ಲ ಹೈರಾಣ ಮಾಡಿದ ಮಗುವನ್ನು ತಾಯಂದಿರು ಎತ್ತಿಕೊಂಡು ಇವನ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೂ ಹೋಗಿ, ಇಳಿಯದೆ ಹಾಗೇ ವಾಪಸು ಬರುವುದುಂಟು. ಅದಕ್ಕೇ ಊರಿಗೆಲ್ಲ ಅವನು ತೊಟ್ಟಿಲಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿದೆ.

ಇಂಥ ಸಾಧುಪ್ರಾಣಿ ಮಂತ್ರಿಗಳನ್ನು ಅಣಕಿಸುವ ಗಿಟಾರ್ ಬ್ಯಾಂಡ್ ಕಟ್ಟಿದ್ದು ಹೇಗೆ ಎಂದು ಕೇಳುವವರಿಗೆ ಒಂದೇ ಉತ್ತರ: ಗುಂಡಿ.

ಗಿಟಾರೇನೋ ಮೊದಲಿನಿಂದ ಇತ್ತು. ಯಾರೋ ಬಸ್ಸಿನಲ್ಲಿ ಮರೆತು, ಹುಡುಕಿಕೊಂಡು ಬಾರದೆ, ಡಿಪೋದ ಹರಾಜಿನಲ್ಲಿ ಒಂದು ರಾಶಿ ಕೊಡೆಗಳ ಪಕ್ಕ ಅನಾಥವಾಗಿ ಮಲಗಿತ್ತು. ಮನೆಗೊಂದು ಕೊಡೆ ತರಲು ಹೋಗಿದ್ದ ತೊಟ್ಟಿಲಣ್ಣ ಅದನ್ನು ಹೆಗಲಿಗೆ ಹಾಕಿಕೊಂಡು ಬಂದ.

“ಇದೇನ್ರೀ ಇದು? ಮಳೆ ಬಂದ್ರೆ ಇದನ್ನೇ ತಲೆ ಮೇಲೆ ಹಿಡ್ಕೊಂಡು ಹೋಗ್ತೀರಾ?” ಎಂದಳು ಹೆಂಡತಿ.

“ತೂತಿದೆ ಕಣೇ, ನಡೂ ಮಧ್ಯದಲ್ಲೇ,” ಎಂದು ಆತ ಗಂಭೀರವಾಗಿ ಒಪ್ಪಿಕೊಂಡ.

ಕಲಿತ. ಹೇಗೆ ಎಂದು ಕೇಳಬೇಡಿ. ನೆರೆಹೊರೆಯವರು ಇನ್ನೂ ಆ ದಿನಗಳ ಬಗ್ಗೆ ಮಾತಾಡುವ ಸ್ಥಿತಿಯಲ್ಲಿಲ್ಲ. ಆಮೇಲೆ ಒಬ್ಬೊಬ್ಬರೇ ಸೇರಿಕೊಂಡರು. ಸುತ್ತಿಗೆಯಿಂದ ಬಡಿದು, ಸದ್ದಿನಲ್ಲೇ ಟಯರಿನ ಗಾಳಿ ಅಳೆಯುವ ಮೆಕ್ಯಾನಿಕ್ ಡ್ರಮ್ಮಿಗೆ ಕೂತ. ಡಿಪೋದ ಎಲೆಕ್ಟ್ರಿಷಿಯನ್ ಬೇಸ್ ಗಿಟಾರ್ ಹಿಡಿದ. ಹಾಡಲು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ತೊಟ್ಟಿಲಣ್ಣನ ಬಸ್ಸಿನ ಕಂಡಕ್ಟರಮ್ಮ “ಒಳಗೆ ನಡೀರಿ” ಎಂದರೆ ಫುಟ್‌ಬೋರ್ಡಿನವರಷ್ಟೇ ಅಲ್ಲ, ಎದುರಿನ ಅಂಗಡಿಯಲ್ಲಿ ನಿಂತವರೂ ಒಳಗೆ ನಡೆಯುತ್ತಿದ್ದರು.

ಬಸ್ಸು ತೊಳೆಯುವ ಶೆಡ್ಡಿನಲ್ಲಿ ತಾಲೀಮು. ಬ್ಯಾಂಡಿನ ಹೆಸರು ‘ಕೋರಿಕೆ ನಿಲುಗಡೆ’. ಎಲೆಕ್ಟ್ರಿಷಿಯನ್ ಗುಜರಿ ಬಸ್ಸೊಂದರ ಆಕ್ಸಿಲರೇಟರ್ ಪೆಡಲ್ ಕಿತ್ತು ತಂದು ಗಿಟಾರಿಗೆ ಜೋಡಿಸಿದ. ತುಳಿದರೆ ಗಿಟಾರ್ ಹುಲಿಯಂತೆ ಗರ್ಜಿಸುತ್ತದೆ, ಕಾಲೆತ್ತಿದರೆ ಗಪ್‌ಚುಪ್. ಬೇರೆ ಬ್ಯಾಂಡುಗಳವರು ಒನ್, ಟೂ, ತ್ರೀ ಎಂದು ಶುರುಮಾಡುತ್ತಾರೆ. ಇವರಿಗೆ ಅದು ಆಗಿಬರಲಿಲ್ಲ. ಕಂಡಕ್ಟರಮ್ಮ ಎರಡು ವಿಸಿಲ್ ಹಾಕಿದರೆ ಹಾಡು ಹೊರಟಿತು, ಒಂದು ಹಾಕಿದರೆ ನಿಂತಿತು. ಬಸ್ಸಿನಲ್ಲಿ ಹೇಗೋ ಹಾಗೆ.

ಇನ್ನು ಗುಂಡಿ. ನೀರಿನ ಟ್ಯಾಂಕ್ ದಾಟಿ ಎಡಕ್ಕೆ ಹೊರಳುವಲ್ಲಿ ಅದರ ವಾಸ. ಆ ರಸ್ತೆಗೆ ಸಾರಿಗೆ ಮಂತ್ರಿಗಳು ಮೂರು ಸಲ ರಿಬ್ಬನ್ ಕತ್ತರಿಸಿದ್ದರು. ರಿಬ್ಬನ್ ಒಂದೊಂದು ಸಲವೂ ಹೊಸದು, ಗುಂಡಿ ಅದೇ ಹಳೆಯದು. ಅಲ್ಲಿಗೆ ಬಂದಾಗ ಎಷ್ಟೇ ಮೆಲ್ಲಗೆ ಓಡಿಸಿದರೂ ಬಸ್ಸು ಧಡ್ ಎಂದು ಕುಪ್ಪಳಿಸಿ, ಅಷ್ಟು ಹೊತ್ತಿನಿಂದ ಮಲಗಿದ್ದ ಕೂಸುಗಳೆಲ್ಲ ಒಟ್ಟಿಗೆ ಕಿಟಾರನೆ ಕಿರುಚುತ್ತಿದ್ದವು. ಬೆಲೆ ಏರಿದಾಗ, ಸಂಬಳ ತಡವಾದಾಗ, ಯಾವತ್ತೂ ತುಟಿ ಎರಡು ಮಾಡದ ಮನುಷ್ಯನಿಗೆ ಇದು ಮಾನದ ಪ್ರಶ್ನೆಯಾಯಿತು. ರಾಜಕೀಯ ಪ್ರಜ್ಞೆ ಕೆಲವರಿಗೆ ತಲೆಯಿಂದ ಬರುತ್ತದೆ, ಕೆಲವರಿಗೆ ಹೊಟ್ಟೆಯಿಂದ. ತೊಟ್ಟಿಲಣ್ಣನಿಗೆ ಸೀಟಿನಿಂದ ಬಂತು.

ಆತ ರಾಗ ಕಟ್ಟಿದ, ಕಂಡಕ್ಟರಮ್ಮ ಮಾತು ಹೊಸೆದಳು:

“ರಿಬ್ಬನ್ ಕತ್ತರಿಸಿದ್ರಿ ಸ್ವಾಮಿ, ರಸ್ತೆ ಎಲ್ಲಿ ಬಿಟ್ರಿ?
ಗುಂಡಿಗಾದ್ರೂ ಸ್ವಾಮಿ, ನಿಮ್ಮ ಹೆಸರೇ ಇಟ್ಬಿಡ್ರಿ!”

ಹಾಡು ಒಂದೇ ವಾರದಲ್ಲಿ ಎಲ್ಲ ಬಸ್ಸುಗಳನ್ನೂ ಹತ್ತಿತು, ಟಿಕೆಟ್ಟಿಲ್ಲದೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ. ಮಂತ್ರಿಗಳ ಕಚೇರಿಯಿಂದ ಹೆಡ್ ಆಫೀಸಿಗೆ, ಹೆಡ್ ಆಫೀಸಿನಿಂದ ಡಿಪೋ ಮ್ಯಾನೇಜರರಿಗೆ ಫೋನು ಬಂತು.

ಮ್ಯಾನೇಜರರು ಕೆಟ್ಟವರಲ್ಲ. ಕಂಡಕ್ಟರಾಗಿ ಸೇರಿ, ಅರ್ಧ ಆಯುಷ್ಯ ಫುಟ್‌ಬೋರ್ಡಿನಲ್ಲೇ ಸವೆಸಿ ಮೇಲೆ ಬಂದವರು. ಹಳೆಯ ವಿಸಿಲ್ ಇನ್ನೂ ಜೇಬಿನಲ್ಲಿರುತ್ತಿತ್ತು. ತಮ್ಮ ಮಗಳ ಮದುವೆಯ ಊಟದ ಮನೆಯಲ್ಲೂ “ಬಾಗಿಲಲ್ಲಿ ನಿಲ್ಬೇಡಿ, ಮುಂದೆ ಸೀಟಿದೆ” ಎಂದು ಬೀಗರನ್ನು ತಳ್ಳಿದ ಖ್ಯಾತಿ ಅವರದು.

“ನೋಡಪ್ಪಾ, ಭಾನುವಾರ ಸಂಜೆ ಪಾರ್ಕಲ್ಲಿ ಬಾರಿಸ್ತೀರಂತೆ. ಬಾರಿಸಿ. ಆ ಹಾಡೊಂದು ಬೇಡ,” ಎಂದರು ತೊಟ್ಟಿಲಣ್ಣನನ್ನು ಕರೆಸಿ.

“ಜನ ಕೇಳ್ತಾರೆ ಸಾರ್.”

“ಕೇಳಿದ್ರೆ? ನಿಮ್ಮ ಬ್ಯಾಂಡ್ ಹೆಸರು ಕೋರಿಕೆ ನಿಲುಗಡೆ ತಾನೆ, ಕೋರಿಕೆಗಳನ್ನ ನಿಲ್ಲಿಸು! ನಾನೇ ಬಂದು ನಿಂತಿರ್ತೀನಿ. ಆ ಹಾಡು ಶುರುವಾದ್ರೆ ಒಂದು ವಿಸಿಲ್ ಹಾಕ್ತೀನಿ. ನಿಲ್ಲಿಸಿದ್ಯೋ, ನಿನ್ನ ಸೀಟು ನಿಂಗೆ. ಇಲ್ಲಾಂದ್ರೆ ಸೋಮವಾರದಿಂದ ಗುಜರಿ ಯಾರ್ಡಲ್ಲಿ ಕಾವಲು.”

ಗುಜರಿ ಯಾರ್ಡ್! ಚಕ್ರ ಕಳಚಿದ ಬಸ್ಸುಗಳ ನಡುವೆ ಒಂದು ಕಬ್ಬಿಣದ ಕುರ್ಚಿ. “ವಿಸಿಲ್ ಬಿದ್ರೆ ನಿಲ್ಲಿಸ್ತೀನಿ ಸಾರ್,” ಎಂದು ತೊಟ್ಟಿಲಣ್ಣ ಮಾತು ಕೊಟ್ಟುಬಿಟ್ಟ. ಸ್ಟೀರಿಂಗ್ ಇಲ್ಲದ ಕೈಗಳನ್ನು ಆತ ಎಲ್ಲಿ ಇಟ್ಟುಕೊಂಡಾನು?

“ಅಣ್ಣಾ, ಬೇಡ ಬಿಡಿ,” ಎಂದಳು ಸುದ್ದಿ ಕೇಳಿದ ಕಂಡಕ್ಟರಮ್ಮ. “ನಂಗೆ ಬೇರೆ ಡ್ರೈವರ್ ಬಂದ್ರೆ ಮಂಡಿ ಚಿಪ್ಪು ಉಳಿಯಲ್ಲ.”

“ವಿಸಿಲ್ ಬಿದ್ರೆ ನಿಲ್ಲಿಸ್ತೀನಿ ಅಂತ ಮಾತು ಕೊಟ್ಟಿದೀನಿ ಕಣಮ್ಮ. ಬೀಳೋವರೆಗೂ ಓಡಿಸೋಣ,” ಎಂದ ಆತ. ಹೇಳಿದ್ದು ವೀರನ ಮಾತು. ಹೇಳುವಾಗ ಧ್ವನಿ ಕೀರಲಾಗಿತ್ತು.

ಭಾನುವಾರ ಪಾರ್ಕು ತುಂಬಿತು. ತೊಟ್ಟಿಲಣ್ಣನ ರೂಟಿನ ತಾಯಂದಿರು ಕೂಸುಗಳ ಸಮೇತ ಮುಂದಿನ ಸಾಲು ಹಿಡಿದಿದ್ದರು. ಮ್ಯಾನೇಜರರು ಗೇಟಿನ ಪಕ್ಕ, ವಿಸಿಲ್ ಕೈಯಲ್ಲಿ ಹಿಡಿದು, ಯಮಧರ್ಮನಂತೆ ನಿಂತಿದ್ದರು. ನಾಲ್ಕು ಹಾಡು ಮುಗಿಯುತ್ತಲೇ ಮುಂದಿನ ಸಾಲಿನಿಂದ ಒಬ್ಬಾಕೆ ಕೂಗಿದಳು: “ಗುಂಡಿ ಹಾಡು ಎಲ್ರೀ? ನನ್ ಮಗ ದಿನಾ ಅಲ್ಲೇ ಏಳ್ತಾನೆ!”

ತೊಟ್ಟಿಲಣ್ಣ ಆ ಮಗನನ್ನು ನೋಡಿದ. ಗೇಟಿನತ್ತ ನೋಡಿದ. ಹೆಂಡತಿ ಎರಡನೇ ಸಾಲಿನಿಂದ ಕಣ್ಣಲ್ಲೇ ‘ಬೇಡ’ ಎಂದದ್ದನ್ನೂ ನೋಡಿದ. ಆಮೇಲೆ ಕಂಡಕ್ಟರಮ್ಮನಿಗೆ ತಲೆಯಾಡಿಸಿದ. ಎರಡು ವಿಸಿಲ್, ಪೆಡಲ್ ತುಳಿದ, ಮರದ ಮೇಲಿನ ಕಾಗೆಗಳು ಹಾರಿಹೋದವು.

“ರಿಬ್ಬನ್ ಕತ್ತರಿಸಿದ್ರಿ ಸ್ವಾಮಿ…”

ಪೀಈಈ!

ಗೇಟಿನಿಂದ ಒಂದೇ ಒಂದು ವಿಸಿಲ್. ತೊಟ್ಟಿಲಣ್ಣನ ಬಲಗಾಲು ಅವನನ್ನು ಕೇಳದೆಯೇ ಮೇಲೆದ್ದಿತು. ಡ್ರಮ್ಮು ನಿಂತಿತು, ಬೇಸ್ ನಿಂತಿತು, ಕಂಡಕ್ಟರಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮಾತು ಉಳಿಯಿತು, ಸೀಟೂ ಉಳಿಯಿತು. ಆದರೆ ಆತ ಮಾತ್ರ ಬ್ಯಾಟರಿ ಸತ್ತ ಗಾಡಿಯ ಹಾಗೆ ತಲೆ ತಗ್ಗಿಸಿ ನಿಂತ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸದ್ದು ನಿಂತದ್ದೇ ತಡ, ಹಾಡು ಮುಗಿದೇಹೋಯಿತೇನೋ ಎಂಬ ಗಾಬರಿಯಲ್ಲಿ, ರಸ್ತೆಯಲ್ಲಿ ನಿಂತು ಕೇಳುತ್ತಿದ್ದವರೆಲ್ಲ ಗೇಟಿಗೆ ನುಗ್ಗಿದರು. ಗೇಟು ಕಿರಿದು, ಜನ ಸಿಕ್ಕಿಕೊಂಡರು. ಮ್ಯಾನೇಜರರ ಒಳಗೆ ಏನೋ ಎದ್ದು ಕುಳಿತಿತು.

“ಒಬ್ಬೊಬ್ರೇ ಬನ್ನಿ! ಏ, ಚೀಲ ಕೆಳಗಿಡಪ್ಪ. ಅಜ್ಜೀ, ಕೈ ಕೊಡಿ… ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ!”

ಕೊನೆಯ ಅಜ್ಜಿಯನ್ನು ಒಳಗೆ ಹತ್ತಿಸಿ, ಗೇಟಿನ ಆಚೆ ಈಚೆ ಕತ್ತು ಚಾಚಿ ನೋಡಿ, ಯಾರೂ ಉಳಿದಿಲ್ಲವೆಂದು ಖಾತ್ರಿಮಾಡಿಕೊಂಡು, ಗೇಟಿನ ಕಂಬವನ್ನು ಅಂಗೈಯಿಂದ ಪಟಪಟನೆ ತಟ್ಟಿ, ಆ ಪುಣ್ಯಾತ್ಮರು ವಿಸಿಲನ್ನು ಬಾಯಿಗಿಟ್ಟರು.

ಪೀ! ಪೀ!

ತೊಟ್ಟಿಲಣ್ಣನ ಕಾಲಿಗೆ ಇನ್ನೇನು ಬೇಕಿತ್ತು? ಪೆಡಲ್ ನೆಲ ಮುಟ್ಟಿತು. ಗಿಟಾರ್ ಗರ್ಜಿಸಿತು. ಗುಂಡಿಯ ಹಾಡು ನಿಂತಲ್ಲಿಂದಲೇ ಹೊರಟು, ಪಾರ್ಕಿನ ಅಷ್ಟೂ ಜನರನ್ನು ಹೊತ್ತುಕೊಂಡು, ಕೊನೆಯ ಸ್ಟಾಪಿನವರೆಗೂ ಓಡಿತು. ಮ್ಯಾನೇಜರರು ವಿಸಿಲನ್ನು ಅಂಗೈ ಮೇಲಿಟ್ಟುಕೊಂಡು, ಸಾಕಿದ ನಾಯಿ ಕಚ್ಚಿದವರ ಹಾಗೆ ಅದನ್ನೇ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಹೆಂಡತಿ ಒಂದು ದಿಂಬು ಕೈಗೆ ಕೊಟ್ಟಳು. “ಗುಜರಿ ಯಾರ್ಡಿನ ಕುರ್ಚಿ ಕಬ್ಬಿಣದ್ದಂತೆ. ಹಾಕ್ಕೊಂಡು ಕೂತ್ಕೊಳ್ಳಿ. ಹಾಡು ಮಾತ್ರ ಚೆನ್ನಾಗಿತ್ತು ಕಣ್ರೀ.”

ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಆತ ಮ್ಯಾನೇಜರರ ಎದುರು ನಿಂತ.

“ನಾನು ಒಂದು ವಿಸಿಲ್ ಹಾಕಿದಾಗ ನಿಲ್ಲಿಸ್ದೆ ತಾನೆ?”

“ನಿಲ್ಲಿಸ್ದೆ ಸಾರ್.”

“ಆಮೇಲೆ ರೈಟ್ ಕೊಟ್ಟಿದ್ದು ಯಾರು?”

“ತಾವೇ ಸಾರ್.”

“ನಾನ್ಯಾಕಯ್ಯ ಕೊಟ್ಟೆ?”

ತೊಟ್ಟಿಲಣ್ಣ ಪ್ರಾಮಾಣಿಕವಾಗಿ ಯೋಚಿಸಿದ. “ಎಲ್ರೂ ಹತ್ತಿದ್ರಲ್ಲ ಸಾರ್.”

ಮ್ಯಾನೇಜರರು ಕಿಟಕಿಯತ್ತ ತಿರುಗಿಬಿಟ್ಟರು. ಅವರ ಹೆಗಲು ಕುಲುಕುತ್ತಿದ್ದದ್ದು ಕೋಪಕ್ಕೋ ನಗುವಿಗೋ ಹಿಂದಿನಿಂದ ತಿಳಿಯುವಂತಿರಲಿಲ್ಲ. “ಹೆಡ್ ಆಫೀಸಿಗೆ ಹೇಳಿದೀನಿ, ನನ್ನ ಮಾತಿನಂತೆ ಹಾಡು ನಿಲ್ಸಿದ ಅಂತ. ಸುಳ್ಳಲ್ಲ ತಾನೆ? ಆಮೇಲೆ ಏನಾಯ್ತು ಅಂತ ಅವರು ಕೇಳಿಲ್ಲ, ನಾನು ಹೇಳಿಲ್ಲ. ಹೋಗು, ಗಾಡಿ ತೆಗಿ. ಲೇಟಾಗಿದೆ.”

ಅಂಗಳದಲ್ಲಿ ಕಂಡಕ್ಟರಮ್ಮ ಫುಟ್‌ಬೋರ್ಡಿನ ಮೇಲೆ ಕಾಯುತ್ತಿದ್ದಳು. “ಅಣ್ಣಾ, ದಿಂಬು ಯಾಕೆ?”

“ಕೂರೋಕಮ್ಮ.”

ಆತ ಅದನ್ನು ಡ್ರೈವರ್ ಸೀಟಿನ ಮೇಲೆ ಹಾಸಿ ಕೂತ. ಎರಡು ವಿಸಿಲ್ ಬಿತ್ತು. ನೀರಿನ ಟ್ಯಾಂಕ್ ದಾಟಿ ಎಡಕ್ಕೆ ಹೊರಳಿದಾಗ ಗುಂಡಿ ಎಂದಿನಂತೆ ಬಾಯಿ ತೆರೆದು ಕಾದಿತ್ತು. ಧಡ್! ಕೂಸುಗಳೆಲ್ಲ ಎದ್ದು ಕಿರುಚಿದವು. ಹಿಂದಿನ ಸೀಟಿನಿಂದ ಯಾರೋ ಹಾಡು ಎತ್ತಿದರು, ಇಡೀ ಬಸ್ಸು ಸೇರಿಕೊಂಡಿತು. ಕೂಸುಗಳು ಮಾತ್ರ ಹಾಡಿನ ಎರಡನೆಯ ಸಾಲಿಗೇ ಮತ್ತೆ ಕಣ್ಣುಮುಚ್ಚಿದವು.