ದೊಡ್ಡಿಯ ಬಾಗಿಲಲ್ಲಿ ಕುಣಿಕೆ ಹಾಕಿಸುವ ಸಿದ್ದಪ್ಪ

ಸರ್ಕಾರಿ ದನ ಮೇಯುವ ಎಮ್ಮೆದೊಡ್ಡಿ ಕಾವಲಿನಲ್ಲಿ ಇನ್ನೂ ಮಂಜು ಹರಿದಿಲ್ಲ. ದಿಮ್ಮಿಗಳ ದೊಡ್ಡಿಯೊಳಗೆ ಎಂಬತ್ತಮೂರು ಹೋರಿಗರುಗಳು ಬುಸುಗುಟ್ಟುತ್ತಿವೆ. ಮನುಷ್ಯರ ಕೈ ಸೋಕದೆ ಬೆಳೆದ ಇವನ್ನು ಹಿಡಿದು ಕೆಡವಿ, ಮಹಾರಾಜರ ಸರ್ಕಾರದ ಮುದ್ರೆ ಒತ್ತಬೇಕು. ಅರವತ್ತು ದಾಟಿದ ಸಿದ್ದಪ್ಪ ಬಾಗಿಲಲ್ಲಿ ನಿಂತು, ಒಳಹೋಗುವ ಪ್ರತಿ ಹುಡುಗನ ಕೈಗೂ ಹಗ್ಗ ಕೊಟ್ಟು, ಕಣ್ಣು ಮುಚ್ಚಿಸಿ ಕುಣಿಕೆ ಹಾಕಿಸುತ್ತಾರೆ. ಒಂದೇ ಎಳೆತಕ್ಕೆ ಬಿಚ್ಚಿಕೊಂಡರೆ ಒಳಗೆ. ಕಗ್ಗಂಟಾದರೆ ಅವನಿಗೆ ಆ ದಿನ ನೀರು ಹೊರುವ ಕೆಲಸ. ಭಂಗಿ ಸೊಪ್ಪು ಸೇದಿ ಮತ್ತೇರಿದ ಕೈಯನ್ನು ಅವರು ಹಿಡಿಯುವುದು ಹೀಗೆ.

ದೊಡ್ಡಿಗೆ ಇಳಿಯುವ ಮುನ್ನ ಹಿರಿಯನೊಬ್ಬ ಚಿಲುಮೆ ಹಚ್ಚಿಕೊಡುವುದು ಇಲ್ಲಿಯ ಹಳೆಯ ರೂಢಿ, ಬೇಡವೆಂದವನು ಹೇಡಿ. ಆರು ವರ್ಷದ ಹಿಂದೆ ಆ ಹಿರಿಯ ಸಿದ್ದಪ್ಪನವರೇ. ಸೇದಿ ಒಳಗಿಳಿದ ಅಜ್ಜಯ್ಯ ಎಂಬ ಹುಡುಗನಿಗೆ ಮೈಮೇಲೆ ಬರುತ್ತಿದ್ದ ಹೋರಿ ಇನ್ನೂ ದೂರವಿದೆ ಅನ್ನಿಸಿತಂತೆ. ಹೋರಿ ಕೆಡವಿ ಕಾಲು ಮುರಿಯಿತು; ಇವತ್ತಿಗೂ ಕೋಲೂರಿ ನಡೆಯುತ್ತಾನೆ.

"ಚಿಲುಮೆ ಕೊಟ್ಟೋನು ನಾನೇ ಕಣ್ರೀ. ಅವರವ್ವ ಈಗ್ಲೂ ಕರೆದು ಮಜ್ಜಿಗೆ ಕೊಡ್ತಾಳೆ."

ಅಂದಿನಿಂದ ಅವರು ಬೈಯುವುದಿಲ್ಲ, ಯಾಕೆ ಸೇದಿದೆ ಎಂದು ಕೇಳುತ್ತಾರೆ. ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಚಳಿ. ತಿಂಗಳುಗಟ್ಟಲೆ ದನದ ಮುಖವನ್ನೇ ನೋಡಿ ಬೇಸತ್ತವರೂ ಇದ್ದಾರೆ. ಜೊತೆಗಾರರ ನಡುವೆ ಚಿಲುಮೆ ತಮ್ಮ ಸರದಿಗೆ ಬಂದಾಗ ಬೇಡವೆನ್ನಲು ನಾಚಿದವರೇ ಬಹಳ. ಹೆದರಿದವನನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಾರೆ, ಬೇಸತ್ತವನನ್ನು ಸಿಂಗಟಗೆರೆ ಊರಿನ ಕಡೆ ಎರಡು ದಿನ ತಿರುಗಾಡಿ ಬಾ ಎಂದು ಕಳಿಸುತ್ತಾರೆ. "ಕಂಬಳಿ ಹೊದಿಸಿದ್ರೆ ಹೋಗೋ ಚಳಿಗೆ ಬುದ್ಧಿ ಹೇಳಿ ಏನ್ಮಾಡ್ಲಿ?"

ಇಂದು ಮೊದಲ ಸಲ ದೊಡ್ಡಿಗಿಳಿಯುತ್ತಿರುವವನು ಅವರ ತಂಗಿ ಪಾಪಮ್ಮನ ಒಬ್ಬನೇ ಮಗ ಬೀರಪ್ಪ. ಚಿಕ್ಕಂದಿನಿಂದ ಹಗ್ಗದಲ್ಲೇ ಪಳಗಿದ ಕೈ; ಕುಣಿಕೆ ನೀಟಾಗಿ ಬಿಚ್ಚಿಕೊಳ್ಳುತ್ತದೆ. ಸಿದ್ದಪ್ಪ ಬಾಗಿಲು ಬಿಡುತ್ತಾರೆ. ಆದರೆ ಮೊದಲ ಹೋರಿಯನ್ನು ಅಟ್ಟುವ ಹೊತ್ತಿಗೆ ಹುಡುಗ ತಾನಾಗಿಯೇ ತಿರುಗಿ ಬರುತ್ತಾನೆ. ಅವ್ವನ ಸೆರಗು ಇಲ್ಲಿಲ್ಲ ಕಣೋ ಎಂದು ಯಾರೋ ಒಳಗಿಂದ ಛೇಡಿಸುತ್ತಾರೆ.

"ಮಾವ, ನಾನೂ ಎರಡು ದಮ್ಮು ಎಳೆದಿದೀನಿ. ಇವತ್ತು ನೀರು ಹೊರಕ್ಕೆ ಹೋದೋರೆಲ್ಲ ಎಳೆದ್ರು, ಬೇಡ ಅನ್ನಕ್ಕಾಗ್ಲಿಲ್ಲ. ಕೈ ಸರಿಯಾಗೈತೆ, ಆದ್ರೆ ಹೋರಿ ನೋಡಿದ್ರೆ ನಗು ಬತ್ತೈತೆ."

ಸಿದ್ದಪ್ಪ ಅವನ ಕೈಯಿಂದ ಹಗ್ಗ ತೆಗೆದುಕೊಳ್ಳುತ್ತಾರೆ. ಆಮೇಲೆ ನೀರಿನ ಬಿಂದಿಗೆ ತೋರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕರುಗಳಿಗೂ ಮುದ್ರೆ ಬಿದ್ದಿದೆ. ಒಳಗಿಳಿದವರೆಲ್ಲ ತಮ್ಮ ಕಾಲ ಮೇಲೆ ಹೊರಗೆ ಬಂದಿದ್ದಾರೆ. ಬೀರಪ್ಪ ತಂದ ನೀರಿನಲ್ಲಿ ಮುಖ ತೊಳೆದುಕೊಂಡ ಸಿದ್ದಪ್ಪ ಹೇಳುತ್ತಾರೆ:

"ನನ್ನ ಕುಣಿಕೆಗೂ ಸಿಗದೆ ಒಳಗೆ ಹೋಗಿದ್ದ ಕಣ್ರೀ. ಅವನೇ ಬಂದು ಹೇಳ್ದ. ಹೇಳಿದ್ರೆ ಮಾವ ಬೈಯಲ್ಲ ಅಂತ ಗೊತ್ತಿತ್ತಲ್ಲ, ಅಷ್ಟು ಸಾಕು ನಂಗೆ."