ಟವೆಲ್ ಅಡಿಯ ದರ

ಹೋದ ವಾರ ಶಿರಸಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುರುತು ಪರಿಚಯವಿಲ್ಲದ ಗಂಡಸೊಬ್ಬನ ಕೈ ಹಿಡಿದುಕೊಂಡು ಕೂತಿದ್ದೆ. ಇಬ್ಬರ ಕೈ ಮೇಲೂ ಒಂದು ಟವೆಲ್ ಹೊದಿಸಿತ್ತು.

(ನಗಬೇಡಿ. ಆ ಅಂಗಡಿಯಲ್ಲಿ ಕಾಳುಮೆಣಸಿನ ವ್ಯಾಪಾರ ಇನ್ನೂ ಹೀಗೆಯೇ. ಕೊಳ್ಳುವವನು ಟವೆಲ್ ಅಡಿ ಬೆರಳು ಒತ್ತಿ ದರ ತಿಳಿಸುತ್ತಾನೆ. ಪಕ್ಕದಲ್ಲಿ ಕೂತವನಿಗೂ ಗೊತ್ತಾಗುವುದಿಲ್ಲ.)

ಮೆಣಸು ನನ್ನದಲ್ಲ, ಮನ್ಮನೆ ಊರಿನ ಮಾದೇವಕ್ಕನದು. ಗಂಡ ಹೋದ ಮೇಲೆ ಆಕೆಯ ಮೆಣಸನ್ನು ಪೇಟೆಗೆ ತಂದು ಮಾರುತ್ತಿದ್ದವರು ಭಾವ, ಅಂದರೆ ಗಂಡನ ಅಣ್ಣ. ಈ ಮಳೆಗಾಲದಲ್ಲಿ ಅವರೂ ತೀರಿಕೊಂಡರು. ಮಗಳು ಶಾರದೆ ನಾನು ಕಲಿಸಿದ ಹುಡುಗಿ. ಪಿಯುಸಿ ಪಾಸಾಗಿ ಎರಡು ವರ್ಷವಾದರೂ ಮನೆಯಲ್ಲೇ ಇದ್ದಾಳೆ. ಧಾರವಾಡಕ್ಕೆ ಟೀಚರ್ ಟ್ರೇನಿಂಗಿಗೆ ಕಳಿಸಲು ಮೆಣಸಿನ ದುಡ್ಡು ಸಾಲದು ಎಂದು ಭಾವ ಎರಡು ವರ್ಷವೂ ಹೇಳಿದ್ದರಂತೆ.

ಈ ಸಲ ಮಾದೇವಕ್ಕ ತಾನೇ ಎರಡು ಚೀಲ ಬಸ್ಸಿಗೇರಿಸಿಕೊಂಡು ಬಂದಳು. ಜೊತೆಗೆ ನನ್ನನ್ನೂ ಕರೆದಳು. ಮೂರು ವಾರದಿಂದ ಇದೇ ಅಂಕಣದಲ್ಲಿ ಡಿಮಾಂಡು, ಸಪ್ಲೈ ಎಂದು ನಿಮ್ಮ ತಲೆ ತಿನ್ನುತ್ತಿದ್ದೇನಲ್ಲ, ನನಗೂ ಹುರುಪು ಬಂತು.

ಮಾದೇವಕ್ಕ ಟವೆಲ್ ಮುಂದೆ ಕೂರಲು ಹೋದಾಗ ದಲಾಲರು ತಡೆದರು. "ಹೆಣ್ಮಕ್ಕಳು ಪರಗಂಡಸಿನ ಕೈ ಹಿಡಿಯೂದು ಹೆಂಗ್ರಿ? ಮಾಸ್ತರ, ನೀವ ಬರ್ರಿ."

ಆಕೆ ಚೀಲದ ಪಕ್ಕ ನಿಂತಳು. ನಾನು ಕೈ ಕೊಟ್ಟೆ. ಯಾವ ಬೆರಳು ಒತ್ತಿದರೆ ಎಷ್ಟು ಎಂದು ದಲಾಲರು ಮೊದಲೇ ಹೇಳಿಕೊಟ್ಟಿದ್ದರು. ಕೊಳ್ಳುವವನು ಬೆರಳು ಒತ್ತಿದ. ನನಗೆ ದರ ತಿಳಿಯಿತು.

"ಎಷ್ಟಂತೆ ಮಾಸ್ತರೇ?" ಮಾದೇವಕ್ಕ ಕೇಳಿದಳು.

"ಬಾಯಿ ಬಿಡಬ್ಯಾಡ್ರಿ," ಎಂದರು ದಲಾಲರು. "ಹೂಂ ಇಲ್ಲಾ ಊಹೂಂ, ಅಷ್ಟ."

ಬಳ್ಳಿ ಅವಳದು, ಬೆವರು ಅವಳದು. ಮಗಳ ಓದು ನಿಂತಿರುವುದು ಆ ಚೀಲಗಳ ಮೇಲೆ. ದರ ಗೊತ್ತಿರಬೇಕಾದ್ದು ನನಗೋ? ಸಿಟ್ಟು ಬಂತು. ಕೈ ಎಳೆದುಕೊಂಡು ಆ ದರವನ್ನು ಅಂಗಡಿಗೆಲ್ಲ ಕೇಳುವಂತೆ ಹೇಳಿಬಿಟ್ಟೆ.

ಸರದಿಯಲ್ಲಿ ಕೂತಿದ್ದ ಹೆಗಡೆಕಟ್ಟಾ ಕಡೆಯವರೊಬ್ಬರು ತಮಗೆ ಸಿಕ್ಕ ದರ ನೆನೆದು ಮೆಲ್ಲಗೆ, "ಹಂಗಾದ್ರೆ ಆನು ನಿನ್ನೆ ಕಮ್ಮಿಗೆ ಕೊಟ್ಟಿ," ಎಂದರು. ಕೊಳ್ಳಲು ಬಂದವನು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಬಾಯಿಂದ ಆ ಹುಡುಗಿಯ ಮೂರನೆಯ ವರ್ಷವೂ ಹೋಯಿತೇ? ಮಧ್ಯಾಹ್ನದವರೆಗೆ ಚೀಲದ ಪಕ್ಕ ಕೂತೆವು. ಕೊಳ್ಳುವವರು ಯಾರೂ ಇತ್ತ ಬರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಇನ್ನೊಬ್ಬ ವ್ಯಾಪಾರಿ ಬಂದ. ಬೆಳಗಿನ ಸುದ್ದಿ ಅವನಿಗೂ ಮುಟ್ಟಿತ್ತು. ಟವೆಲ್ ಕೇಳಲಿಲ್ಲ. ಮಾದೇವಕ್ಕನ ಮುಖ ನೋಡಿ, ಮೊದಲಿನವನಿಗಿಂತ ಸ್ವಲ್ಪ ಮೇಲೆಯೇ ದರ ಹೇಳಿದ. "ಕೊಟ್ಟೆ," ಎಂದಳು ಆಕೆ. ಟ್ರೇನಿಂಗಿಗೆ ಸಾಕಾಗಿ ಮಿಗುವಷ್ಟು ಬಂತು.

ಬಸ್ ಸ್ಟ್ಯಾಂಡಿನವರೆಗೂ ನಾನು ಗೆದ್ದವನಂತೆ ನಡೆದೆ. ಶಾರದೆಗೊಂದು ಟ್ರಂಕು ಕೊಂಡುಬಿಡಿ ಎಂದೆ. ಆಕೆ ದುಡ್ಡನ್ನು ಮತ್ತೊಮ್ಮೆ ಎಣಿಸಿದಳು.

ಬಸ್ ಬಂದು ನಿಂತ ಮೇಲೆ ಹೇಳಿದಳು. "ಹೋದ ವರ್ಷನೂ ಇಷ್ಟೇ ಮೆಣಸು, ಮಾಸ್ತರೇ. ಭಾವ ತಂದು ಕೊಟ್ಟಿದ್ದು ಇದರ ಅರ್ಧ."

ಮಾರ್ಕೆಟ್ ದರ ವರ್ಷವರ್ಷಕ್ಕೂ ಬದಲಾಗುತ್ತದೆ, ಹೋದ ವರ್ಷ ಇಳಿದಿದ್ದಿರಬಹುದು ಎಂದೆ. ಇಳಿದಿತ್ತೇ? ನನಗೆ ಗೊತ್ತಿಲ್ಲ. ಯಾರಿಗೆ ಗೊತ್ತು? ಆ ದರ ಎರಡು ಕೈಗಳ ನಡುವೆ ಇತ್ತು, ಅದರಲ್ಲಿ ಒಂದು ಕೈ ಈಗ ಸುಟ್ಟು ಬೂದಿಯಾಗಿದೆ. ಭಾವ ಒಳ್ಳೆಯವರೇ ಆಗಿದ್ದರೆ ಅದನ್ನು ತೋರಿಸಲು ಅವರಿಗೂ ದಾರಿಯಿಲ್ಲ. ಬಚ್ಚಿಟ್ಟ ದರ ಕಳ್ಳನನ್ನು ಕಾಯುತ್ತದೆ ಎಂದುಕೊಂಡಿದ್ದೆ. ಸಾಚಾ ಮನುಷ್ಯನ ಹೆಸರನ್ನೂ ಅದು ಕೆಡಿಸುತ್ತದೆ ಎಂದು ಅವತ್ತು ತಿಳಿಯಿತು.

"ಇರ್ಬಹುದು," ಎಂದಳು ಮಾದೇವಕ್ಕ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿದಳು.

"ಭಾವನ ಹೆಸರಲ್ಲಿ ದಿನಾ ಸಂಜೆ ದೀಪ ಹಚ್ತಾ ಇದ್ದೆ, ಮಾಸ್ತರೇ. ಇವತ್ತು ಹಚ್ಚೂದೋ, ಬ್ಯಾಡ್ವೋ?"

ಟವೆಲ್ ಕೊಡವಿ ಹೆಗಲಿಗೇರಿಸಿಕೊಳ್ಳುವ ದಲಾಲರೇ, ಆಕೆಗೆ ನಾನು ಏನು ಹೇಳಲಿ?